ದ್ವೀಪ ಬೇಕಾ, ಡಾಲ್ಫಿನ್ ಬೇಕಾ? ದಾವಣಗೆರೆ ಕಡೆಯಿಂದ ಕಡಲಿಗೆ ಹೊರಡುವವರಿಗೆ

ಏಪ್ರಿಲ್ ಬಂತೆಂದರೆ ದಾವಣಗೆರೆ, ಚಿತ್ರದುರ್ಗದ ಬಿಸಿಲಿಗೆ ಎಲ್ಲರಿಗೂ ಸಮುದ್ರ ನೆನಪಾಗುತ್ತದೆ. ಮಧ್ಯಾಹ್ನ ಊಟ ಆದ ಮೇಲೆ ಫ್ಯಾನ್ ಕೆಳಗೆ ಮಲಗಿ ಮೊಬೈಲಿನಲ್ಲಿ ನೀಲಿ ನೀರು, ತೆಂಗಿನ ಮರ, ನೆಗೆಯುವ ಡಾಲ್ಫಿನ್ ನೋಡುತ್ತೇವೆ. 'ಈ ಸಲ ಅಂಡಮಾನ್‌ಗೆ ಹೋಗೇಬಿಡೋಣ' ಅಂತೇವೆ. ಅಷ್ಟರಲ್ಲಿ ಸ್ಕೂಲ್ ಶುರುವಾಗುತ್ತದೆ. ಕನಸು ಕಾಣೋದಕ್ಕೆ ದುಡ್ಡು ಕೊಡಬೇಕಿಲ್ಲ, ಧಾರಾಳವಾಗಿ ಕಾಣಿ. ಆದರೆ ಟಿಕೆಟ್ ಹುಡುಕೋಕೆ ಕೂತಾಗ ಒಂದು ವಿಷಯ ಮನೆಯವರೆಲ್ಲ ಸೇರಿ ತೀರ್ಮಾನ ಮಾಡಿಕೊಳ್ಳಿ: ನಿಮಗೆ ಬೇಕಿರುವುದು ದ್ವೀಪವೋ, ಪ್ರಾಣಿಯೋ?

ಇವೆರಡೂ ಒಂದೇ ಪ್ರವಾಸದಲ್ಲಿ ಸಿಗುತ್ತವೆ ಅಂತ ಜಾಹೀರಾತುಗಳು ನಂಬಿಸುತ್ತವೆ. ಸಾಮಾನ್ಯವಾಗಿ ಸಿಗುವುದಿಲ್ಲ. ದ್ವೀಪಕ್ಕೆ ಹೋಗುವವರು ಎಂಟಕ್ಕೆ ಎದ್ದು, ತಿಂಡಿ ತಿಂದು, ಹತ್ತರ ಬಿಸಿಲಿಗೆ ದೋಣಿ ಹತ್ತಿ, ನೀರಲ್ಲಿ ಆಡಿ, ಫೋಟೊ ತೆಗೆದು ಬರುವವರು. ಪ್ರಾಣಿ ನೋಡುವವರು ಬೆಳಿಗ್ಗೆ ಐದೂವರೆಗೆ ಎದ್ದು, ಕಾಫಿನೂ ಕುಡಿಯದೆ, ಗಂಟೆಗಟ್ಟಲೆ ಬಾಯಿ ಮುಚ್ಚಿಕೊಂಡು ಕೂರಬೇಕಾದವರು. ಒಂದೇ ಗಾಡಿಯಲ್ಲಿ ಇಬ್ಬರನ್ನೂ ಕೂರಿಸಿದರೆ ಜಗಳ ಗ್ಯಾರಂಟಿ.

ಮೊದಲು ತಿಂಗಳು, ಆಮೇಲೆ ಜಾಗ

ನಮ್ಮ ರಜೆಗೂ ಕಡಲಿಗೂ ಅಷ್ಟಾಗಿ ಹೊಂದುವುದಿಲ್ಲ. ಪಶ್ಚಿಮ ಕರಾವಳಿಯಲ್ಲಿ ಅಕ್ಟೋಬರ್‌ನಿಂದ ಫೆಬ್ರವರಿವರೆಗೆ ನೀರು ಶಾಂತ, ಹವೆಯೂ ಹಿತ. ಮಾರ್ಚ್, ಏಪ್ರಿಲ್‌ನಲ್ಲಿ ನೀರು ಚೆನ್ನಾಗಿಯೇ ಇರುತ್ತದೆ, ಸೆಕೆ ಮಾತ್ರ ವಿಪರೀತ. ಮೇ ಕೊನೆಗೆ ಅಲೆ ಏಳತೊಡಗುತ್ತವೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೇ ನಿಷೇಧ. ಪ್ರವಾಸಿ ದೋಣಿಗಳೂ ಮಳೆಗಾಲ ಮುಗಿಯುವವರೆಗೆ ದಡ ಬಿಡುವುದಿಲ್ಲ. ನಮ್ಮ ಮಕ್ಕಳಿಗೆ ರಜೆ ಸಿಗುವುದು ಏಪ್ರಿಲ್, ಮೇನಲ್ಲಿ ಮತ್ತು ದಸರಾಕ್ಕೆ. ಇವೆರಡರಲ್ಲಿ ದಸರಾನೇ ವಾಸಿ. ಆದರೆ ಆ ವರ್ಷ ಮಳೆ ತಡವಾಗಿ ಮುಗಿದಿದ್ದರೆ ನೀರು ಇನ್ನೂ ಕದಡಿರುತ್ತದೆ, ಸಮುದ್ರದ ಒಳಗೆ ಏನೂ ಕಾಣದು.

ಭದ್ರಾ ನಾಲೆಯ ಭತ್ತದವರಿಗೆ ಒಂದು ಅನುಕೂಲ ಇದೆ. ಮಳೆಗಾಲದ ಬೆಳೆ ಕೊಯ್ದು ಬೇಸಿಗೆ ಬೆಳೆಗೆ ನಾಟಿ ಮಾಡುವ ನಡುವೆ, ಡಿಸೆಂಬರ್ ಕೊನೆಯ ಆಸುಪಾಸು ಸಿಗುವ ಬಿಡುವಿದೆಯಲ್ಲ, ಕಡಲಿಗೆ ಅದಕ್ಕಿಂತ ಒಳ್ಳೆ ಸಮಯ ಬೇರೆ ಇಲ್ಲ. ಹೊಸ ವರ್ಷದ ಗದ್ದಲದ ಎರಡು ಮೂರು ದಿನ ಮಾತ್ರ ಬಿಟ್ಟುಬಿಡಿ.

ಮಲ್ಪೆಯ ಸೇಂಟ್ ಮೇರೀಸ್, ಮುರುಡೇಶ್ವರದ ನೇತ್ರಾಣಿ

ನಮಗೆ ಹತ್ತಿರದ ದ್ವೀಪ ಅಂದರೆ ಇವೆರಡೇ. ದಾವಣಗೆರೆಯಿಂದ ಹೊನ್ನಾಳಿ, ಶಿವಮೊಗ್ಗ, ತೀರ್ಥಹಳ್ಳಿ, ಆಗುಂಬೆ ಇಳಿದು ಉಡುಪಿ. ಚಿತ್ರದುರ್ಗದವರು ಹೊಳಲ್ಕೆರೆ, ಚನ್ನಗಿರಿ ಮೇಲೆ ಶಿವಮೊಗ್ಗ ಸೇರಿಕೊಳ್ಳಬಹುದು. ಆಗುಂಬೆಯ 14 ತಿರುವಿನಲ್ಲಿ ಮಕ್ಕಳಿಗೆ ವಾಂತಿ ಆಗುತ್ತದೆ, ಘಾಟಿಗೆ ಮುಂಚೆ ಹೊಟ್ಟೆ ತುಂಬ ತಿನ್ನಿಸಬೇಡಿ. ಮುರುಡೇಶ್ವರಕ್ಕಾದರೆ ಶಿವಮೊಗ್ಗದಿಂದ ಸಾಗರ, ಜೋಗ, ಗೇರುಸೊಪ್ಪ, ಹೊನ್ನಾವರ. ದಾರಿ ಸ್ವಲ್ಪ ಉದ್ದ, ಆದರೆ ಜೋಗ ಸಿಕ್ಕುತ್ತದೆ.

ಸೇಂಟ್ ಮೇರೀಸ್ ಪೂರಾ ಮನೆಮಂದಿಯ ದ್ವೀಪ. ಅಜ್ಜಿಯಿಂದ ಮೊಮ್ಮಗುವರೆಗೆ ಯಾರು ಬೇಕಾದರೂ ಹೋಗಿ ಬರಬಹುದು. ಮಲ್ಪೆಯಿಂದ ದೋಣಿಯಲ್ಲಿ ಸ್ವಲ್ಪ ಹೊತ್ತಿನ ದಾರಿ. ರಾತ್ರಿ ಉಳಿಯಲು ಬಿಡುವುದಿಲ್ಲ. ಹೆಚ್ಚಿನವರು ತೆಂಗಿನ ಮರದ ಕೆಳಗೆ ಫೋಟೊ ತೆಗೆಸಿಕೊಂಡು ವಾಪಸ್ ಬರುತ್ತಾರೆ. ನೋಡಬೇಕಾದ್ದು ಅಲ್ಲಿನ ಕಲ್ಲು. ಯಾರೋ ಉಳಿಯಲ್ಲಿ ಕೆತ್ತಿ ಸಾಲಾಗಿ ನಿಲ್ಲಿಸಿದ ಹಾಗೆ ಐದು ಮೂಲೆ, ಆರು ಮೂಲೆಯ ಕಂಬಗಳು ಒಂದಕ್ಕೊಂದು ಅಂಟಿಕೊಂಡು ನಿಂತಿವೆ. ಸುಮಾರು 8.8 ಕೋಟಿ ವರ್ಷಗಳ ಹಿಂದೆ ಮಡಗಾಸ್ಕರ್ ನಮ್ಮ ನೆಲದಿಂದ ಬೇರೆಯಾಗುತ್ತಿದ್ದ ಕಾಲದಲ್ಲಿ ಉಕ್ಕಿದ ಲಾವಾ ತಣ್ಣಗಾಗುತ್ತಾ ಕುಗ್ಗಿ, ಹೀಗೆ ಬಿರುಕು ಬಿಟ್ಟಿದೆ. ಇದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೂ ಹೌದು. ಕೋಟೆಯ ಬಂಡೆಗಳನ್ನು ನೋಡಿಕೊಂಡೇ ಬೆಳೆದ ದುರ್ಗದವರಿಗೆ ಈ ಕಲ್ಲು ಬೇರೆಯವರಿಗಿಂತ ಜಾಸ್ತಿ ಹಿಡಿಸಬಹುದು. ದಡದಲ್ಲಿ ಮರಳಿಗಿಂತ ಚಿಪ್ಪೇ ಹೆಚ್ಚು, ಬರಿಗಾಲಲ್ಲಿ ಓಡಿದರೆ ಕಾಲು ಕೊಯ್ಯುತ್ತದೆ. ಬೀಚಿನಲ್ಲಿ ಹಾಕುವ ಹವಾಯಿ ಚಪ್ಪಲಿ ಬಂಡೆ ಮೇಲೆ ಜಾರುತ್ತದೆ, ಹಿಂದೆ ಪಟ್ಟಿ ಇರುವ ಸ್ಯಾಂಡಲ್ ಹಾಕಿಕೊಳ್ಳಿ. ಜೀವಿಗಳ ವಿಷಯಕ್ಕೆ ಬಂದರೆ ಏಡಿ, ಕಡಲಕ್ಕಿ ಬಿಟ್ಟು ಹೆಚ್ಚೇನೂ ನಿರೀಕ್ಷಿಸಬೇಡಿ. ಭಾನುವಾರವಂತೂ ಬೇಡವೇ ಬೇಡ.

ನೇತ್ರಾಣಿ ಇದಕ್ಕೆ ಉಲ್ಟಾ. ದಡದಿಂದ ಸುಮಾರು 19 ಕಿ.ಮೀ. ದೂರ, ದ್ವೀಪದ ಮೇಲೆ ಕಾಲಿಡುವ ಹಾಗಿಲ್ಲ, ನೌಕಾಪಡೆಯವರು ಗುರಿ ಅಭ್ಯಾಸಕ್ಕೆ ಬಳಸಿದ ಜಾಗ. ಇಲ್ಲಿ ನೋಡುವುದೆಲ್ಲ ನೀರಿನ ಒಳಗೆ. ಹವಳದ ಬಂಡೆ, ಗಿಳಿಮೀನು, ಚಿಟ್ಟೆಮೀನು, ಬಂಡೆಯ ಸಂದಿಯಿಂದ ಬಾಯಿ ತೆರೆದು ನೋಡುವ ಹಾವುಮೀನು. ತಲೆ ಎತ್ತಿದರೆ ಬಿಳಿ ಹೊಟ್ಟೆಯ ಕಡಲ ಹದ್ದು. ಸ್ಕೂಬಾ, ಅಂದರೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ನೀರೊಳಗೆ ಡೈವ್ ಮಾಡಲು ಈಜು ಬರಲೇಬೇಕು ಅಂತಿಲ್ಲ, ಮೊದಲ ಸಲದವರನ್ನು ತರಬೇತುದಾರರು ಹಿಡಿದುಕೊಂಡೇ ಇಳಿಸುತ್ತಾರೆ. ಆದರೆ ಆಸ್ತಮಾ, ಹೃದಯದ ತೊಂದರೆ, ಕಿವಿ ಸೋರುವುದು ಇದ್ದರೆ ಫಾರಂನಲ್ಲಿ ಮುಚ್ಚಿಡಬೇಡಿ. ಊರಿನ ಡಾಕ್ಟರ್ ಹತ್ತಿರ ಮೊದಲೇ ಕೇಳಿ ಬಂದರೆ ಇನ್ನೂ ಒಳ್ಳೆಯದು.

ನಮ್ಮ ಕಡೆಯವರು ಗಮನಿಸಲೇಬೇಕಾದ ವಿಷಯ ಒಂದಿದೆ. ಡೈವ್ ಮಾಡಿದಾಗ ನೀರಿನ ಒತ್ತಡಕ್ಕೆ ಜಾಸ್ತಿ ಸಾರಜನಕ ಮೈಗೆ ಸೇರಿರುತ್ತದೆ, ಅದು ನಿಧಾನಕ್ಕೆ ಹೊರಗೆ ಹೋಗಬೇಕು. ಅದಕ್ಕೇ ಡೈವ್ ಆದ ಮೇಲೆ ಹದಿನೆಂಟು ಗಂಟೆಯೋ, ಒಂದು ದಿನವೋ ವಿಮಾನ ಹತ್ತಬೇಡಿ ಅನ್ನುತ್ತಾರೆ. ವಿಮಾನದ ಮಾತು ಎಲ್ಲರಿಗೂ ಗೊತ್ತು, ಘಾಟಿಯ ಮಾತು ಯಾರೂ ಹೇಳುವುದಿಲ್ಲ. ದಾವಣಗೆರೆ ಸಮುದ್ರಮಟ್ಟಕ್ಕಿಂತ ಸುಮಾರು 600 ಮೀಟರ್ ಎತ್ತರದಲ್ಲಿದೆ. ಮಧ್ಯಾಹ್ನ ನೀರಿನಿಂದ ಎದ್ದು, ಊಟ ಮಾಡಿ, ರಾತ್ರಿಯೊಳಗೆ ಮನೆ ಸೇರೋಣ ಅಂತ ಗಾಡಿ ಹತ್ತುವ ನಮ್ಮ ಹಳೇ ಚಟ ಇಲ್ಲಿ ಬೇಡ. ಅವತ್ತು ರಾತ್ರಿ ಮುರುಡೇಶ್ವರದಲ್ಲೇ ಉಳಿಯಿರಿ. ಡೈವ್ ಮಾಡಿಸುವವರಿಗೂ 'ನಾಳೆ ಘಾಟಿ ಹತ್ತುತ್ತೇವೆ' ಅಂತ ಹೇಳಿ, ಎಷ್ಟು ಹೊತ್ತು ಬಿಟ್ಟು ಹೊರಡಬೇಕು ಅಂತ ಕೇಳಿ.

ಹೋಗುವಾಗ ದೋಣಿ ಜೋರಾಗಿ ಕುಲುಕುತ್ತದೆ. ನಮ್ಮ ಸೂಳೆಕೆರೆ, ಮಾರಿಕಣಿವೆ ನೀರಲ್ಲಿ ದೋಣಿ ಹತ್ತಿದ ಅನುಭವ ಇಲ್ಲಿ ಕೆಲಸಕ್ಕೆ ಬರದು. ವಾಂತಿ ತಡೆಯುವ ಮಾತ್ರೆ ಬೇಕಿದ್ದರೆ ದೋಣಿ ಹತ್ತುವುದಕ್ಕೆ ಮುಂಚೆಯೇ ತೆಗೆದುಕೊಳ್ಳಬೇಕು, ತಲೆ ಸುತ್ತು ಶುರುವಾದ ಮೇಲೆ ನುಂಗಿದರೆ ಪ್ರಯೋಜನ ಇಲ್ಲ. ಅದರಿಂದ ತೂಕಡಿಕೆ ಬರುವುದೂ ಉಂಟು, ಅದಕ್ಕೇ ಡೈವ್ ಮಾಡುವವರು ಡಾಕ್ಟರ್ ಹತ್ತಿರ ಕೇಳಿಯೇ ತೆಗೆದುಕೊಳ್ಳಿ.

ಪ್ರಾಣಿಯೇ ಬೇಕು ಅಂದರೆ: ಕಾರವಾರ ಮತ್ತು ಹೊನ್ನಾವರ

ನನ್ನ ಓಟು ಇವೆರಡಕ್ಕೆ. ಅಂಡಮಾನ್‌ಗೆ ಇಬ್ಬರು ಹೋಗುವ ದುಡ್ಡಿನಲ್ಲಿ ಇಲ್ಲಿಗೆ ಇಡೀ ಮನೆಯವರು ಹೋಗಿ ಬರಬಹುದು, ಇನ್ನೂ ಸ್ವಲ್ಪ ಉಳಿಯುತ್ತದೆ.

ಕಾರವಾರ ದೂರ. ಹುಬ್ಬಳ್ಳಿ, ಯಲ್ಲಾಪುರ, ಅಂಕೋಲಾ ಮೇಲೆ ಹೋದರೆ 300 ಕಿ.ಮೀ. ದಾಟುತ್ತದೆ. ಕಾಳಿ ನದಿ ಸಮುದ್ರ ಸೇರುವ ಜಾಗ, ದೇವಬಾಗ್, ಕೂರ್ಮಗಡದ ಸುತ್ತಮುತ್ತ ಡಾಲ್ಫಿನ್‌ಗಳಿವೆ. ಇವು ಹಂಪ್‌ಬ್ಯಾಕ್ ಜಾತಿಯವು, ಅಂದರೆ ಬೆನ್ನಿನ ಮೇಲೆ ಡುಬ್ಬ ಇರುವವು. ಆಳ ಕಡಿಮೆ ಇರುವ, ದಡಕ್ಕೆ ಹತ್ತಿರದ, ನದಿ ಬಾಯಿಯ ನೀರೇ ಇವಕ್ಕೆ ಇಷ್ಟ. ಟಿವಿಯಲ್ಲಿ ನೋಡಿದ ಹಾಗೆ ನೆಗೆದು ಪಲ್ಟಿ ಹೊಡೆಯುತ್ತವೆ ಅಂದುಕೊಂಡು ಹೋಗಬೇಡಿ. ಸಾಮಾನ್ಯವಾಗಿ ಕಾಣುವುದು ಇಷ್ಟು: ಸಪ್ಪಗಿರುವ ನೀರಿನಲ್ಲಿ ಬೂದು ಬಣ್ಣದ ಬೆನ್ನು ಮೇಲೆ ಬರುತ್ತದೆ, 'ಫುಸ್' ಅಂತ ಉಸಿರು ಬಿಟ್ಟ ಸದ್ದು, ಡುಬ್ಬದ ಮೇಲಿನ ಸಣ್ಣ ಈಜುರೆಕ್ಕೆ ಒಂದು ಸುತ್ತು ತಿರುಗಿ ಒಳಗೆ ಹೋಗುತ್ತದೆ, ಅಷ್ಟೇ. ಮುಂದಿನ ಸಲ ಎಲ್ಲಿ ಏಳುತ್ತದೆ ಅಂತ ಕಾಯಬೇಕು. ಮೊಬೈಲ್ ಹಿಡಿದವರಿಗೆ ನೀರಿನ ಫೋಟೊ ಮಾತ್ರ ಸಿಗುತ್ತದೆ, ಕಣ್ಣಲ್ಲಿ ನೋಡಿದವರಿಗೆ ಡಾಲ್ಫಿನ್ ಸಿಗುತ್ತದೆ. ಬೆಳಿಗ್ಗೆ ಗಾಳಿ ಏಳುವ ಮುಂಚೆ ಹೋಗಿ. ದೋಣಿಯವರಿಗೆ ಮೊದಲೇ ಹೇಳಿ, 'ಅಣ್ಣ, ಅಟ್ಟಿಸಿಕೊಂಡು ಹೋಗೋದು ಬೇಡ, ಇಂಜಿನ್ ಆಫ್ ಮಾಡಿ ನಿಲ್ಲಿಸಿ'. ಪ್ರವಾಸಿಗರು ಹತ್ತಿರ ಹೋಗಿ ಹತ್ತಿರ ಹೋಗಿ ಅಂತ ಕೂಗುವುದಕ್ಕೇ ಅವರು ಓಡಿಸುವುದು.

ಕಾರವಾರಕ್ಕೆ ಹೋದರೆ ದ್ವೀಪದ ಆಸೆಯೂ ಸ್ವಲ್ಪ ತೀರುತ್ತದೆ, ಕೂರ್ಮಗಡ ಇದೆಯಲ್ಲ. ಅಲ್ಲಿ ನರಸಿಂಹನ ಗುಡಿ ಇದೆ, ಜನವರಿ ಹೊತ್ತಿಗೆ ಜಾತ್ರೆ ನಡೆಯುತ್ತದೆ. ಜಾತ್ರೆಯ ದಿನ ಜನ ನೋಡಬಹುದು, ಡಾಲ್ಫಿನ್ ಅಲ್ಲ.

ಹೊನ್ನಾವರಕ್ಕೆ ಅಷ್ಟು ಹೆಸರಿಲ್ಲ, ಅದೇ ಅದರ ಲಾಭ. ಶರಾವತಿ ಸಮುದ್ರ ಸೇರುವ ಕಡೆ ಕಾಂಡ್ಲಾ ಕಾಡಿನ (ಉಪ್ಪುನೀರಿನ ಕೆಸರಲ್ಲಿ ಬೆಳೆಯುವ ಮ್ಯಾಂಗ್ರೋವ್) ಒಳಗೆ ಮರದ ಹಲಗೆಯ ಕಾಲುದಾರಿ ಮಾಡಿದ್ದಾರೆ. ವಯಸ್ಸಾದವರೂ ಆರಾಮಾಗಿ ನಡೆಯಬಹುದು. ನೀರು ಇಳಿದಾಗ ಹೋಗಿ, ಉಬ್ಬರದಲ್ಲಿ ಹೋದರೆ ಬರೀ ಗಿಡ ಕಾಣುತ್ತದೆ. ಇಳಿದಾಗ ಕೆಳಗಿನ ಕೆಸರನ್ನು ಸುಮ್ನೆ ಎರಡು ನಿಮಿಷ ನೋಡಿ. ಮೊದಲು ಏನೂ ಇರುವುದಿಲ್ಲ. ಆಮೇಲೆ ತೂತುಗಳಿಂದ ಒಂದೊಂದೇ ಏಡಿ ಹೊರಗೆ ಬರುತ್ತದೆ, ಗಂಡಿಗೆ ಒಂದು ಕೊಂಡಿ ಮೈಗಿಂತ ದೊಡ್ಡದು, ಅದನ್ನು ಮೇಲೆತ್ತಿ ಬೀಸಿ ಬೀಸಿ ಹೆಣ್ಣನ್ನು ಕರೆಯುತ್ತದೆ. ಪಕ್ಕದಲ್ಲಿ ಕಣ್ಣು ತಲೆಯ ಮೇಲಿರುವ ಮೀನೊಂದು ಕೆಸರಿನ ಮೇಲೆ ರೆಕ್ಕೆ ಊರಿಕೊಂಡು ತೆವಳುತ್ತಿರುತ್ತದೆ, ನೀರೇ ಬೇಡ ಅನ್ನುವ ಹಾಗೆ. ನಮ್ಮ ನೆರಳು ಬಿದ್ದರೆ ಸಾಕು, ಕ್ಷಣದಲ್ಲಿ ಎಲ್ಲಾ ಮಾಯ. ಮಕ್ಕಳಿಗೆ ಡಾಲ್ಫಿನ್‌ಗಿಂತ ಇದೇ ಇಷ್ಟ ಆಗುತ್ತದೆ ಅನ್ನುವುದು ನನ್ನ ಖಾತ್ರಿ, ಯಾಕೆಂದರೆ ಇದು ಕಾಲ ಕೆಳಗೇ ಇರುತ್ತದೆ, ಕಾಯಬೇಕಿಲ್ಲ. ಹತ್ತಿರದಲ್ಲೇ ಕಾಸರಕೋಡು ಬೀಚು. ಪಡುಬಿದ್ರಿ ಜೊತೆ 2020ರಲ್ಲಿ ಬ್ಲೂ ಫ್ಲ್ಯಾಗ್, ಅಂದರೆ ಸ್ವಚ್ಛ, ಸುರಕ್ಷಿತ ಬೀಚಿಗೆ ಕೊಡುವ ಅಂತರರಾಷ್ಟ್ರೀಯ ಮನ್ನಣೆ ಸಿಕ್ಕ ಕಡಲತೀರ ಅದು.

ಉಬ್ಬರ ಇಳಿತ ತಿಳಿಯೋಕೆ ಆ್ಯಪ್ ಇದೆ. ಇಲ್ಲದಿದ್ದರೂ ಗೋಡೆಯ ಕ್ಯಾಲೆಂಡರ್ ಸಾಕು. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸು ನೀರು ತುಂಬಾ ಏರಿ ತುಂಬಾ ಇಳಿಯುತ್ತದೆ. ಆಗ ಕಾಪು ದೀಪಸ್ತಂಭದಂಥ ಕಡೆ ಬಂಡೆಗಳ ನಡುವಿನ ಗುಂಡಿಗಳಲ್ಲಿ ನೀರು ನಿಂತು, ಬೇರೆಯವರ ಚಿಪ್ಪು ಹೊತ್ತು ತಿರುಗುವ ಸನ್ಯಾಸಿ ಏಡಿಗಳು ಸಿಗುತ್ತವೆ. ಚಿಪ್ಪು ಚೆನ್ನಾಗಿದೆ ಅಂತ ಜೇಬಿಗೆ ಹಾಕುವ ಮುಂಚೆ ಒಳಗೆ ಯಾರಾದರೂ ಇದ್ದಾರಾ ನೋಡಿ. ಇನ್ನೂ ಒಳ್ಳೆಯದು, ಅಲ್ಲೇ ಬಿಟ್ಟುಬನ್ನಿ. ನೀರು ವಾಪಸ್ ಏರುವ ಹೊತ್ತಿಗೆ ಮಾತ್ರ ಬಂಡೆ ಮೇಲೆ ಇರಬೇಡಿ.

ಕಡಲಾಮೆ: ಹೊನ್ನಾವರ ಸಾಕಾ, ಒಡಿಶಾಕ್ಕೇ ಹೋಗಬೇಕಾ?

ಆಲಿವ್ ರಿಡ್ಲಿ ಆಮೆಗಳು ಉತ್ತರ ಕನ್ನಡದ ಮರಳಿಗೂ ಮೊಟ್ಟೆ ಇಡಲು ಬರುತ್ತವೆ. ಹೆಚ್ಚಾಗಿ ಜನವರಿಯಿಂದ ಮಾರ್ಚ್ ನಡುವೆ. ರಾತ್ರಿ ಬಂದು, ಹಿಂಗಾಲಿನಿಂದ ಗುಂಡಿ ತೋಡಿ, ನೂರರ ಹತ್ತಿರ ಮೊಟ್ಟೆ ಇಟ್ಟು, ಮುಚ್ಚಿ ಹೋಗುತ್ತವೆ. ಒಂದೂವರೆ, ಎರಡು ತಿಂಗಳಿಗೆ ಮರಿ. ಅರಣ್ಯ ಇಲಾಖೆಯವರು ಗೂಡುಗಳಿಗೆ ಬೇಲಿ ಹಾಕಿ ಕಾಯುತ್ತಾರೆ, ಮರಿಗಳನ್ನು ಸಮುದ್ರಕ್ಕೆ ಬಿಡುತ್ತಾರೆ. ಅದನ್ನು ನೋಡಬೇಕೆಂದರೆ ದಿನಾಂಕ ಹಿಡಿದು ಹೋಗುವುದು ಕಷ್ಟ. ಹೊರಡುವ ಮುಂಚೆ ಅಲ್ಲಿನ ಅರಣ್ಯ ಕಚೇರಿಗೋ ಹೋಮ್‌ಸ್ಟೇಯವರಿಗೋ ಫೋನ್ ಮಾಡಿ ಕೇಳಬೇಕು. ಕಂಡರೂ ಟಾರ್ಚ್, ಫ್ಲ್ಯಾಶ್ ಬೇಡ. ಮರಿಗಳು ಬೆಳಕಿನ ಕಡೆ ತಿರುಗಿ ದಾರಿ ತಪ್ಪುತ್ತವೆ.

ಒಡಿಶಾದ್ದು ಬೇರೆಯೇ ಲೆಕ್ಕ. ಗಂಜಾಂ ಜಿಲ್ಲೆಯ ಋಷಿಕುಲ್ಯ ನದಿ ಬಾಯಲ್ಲಿ ಒಂದೇ ವಾರದೊಳಗೆ ಲಕ್ಷಗಟ್ಟಲೆ ಆಮೆ ಮೇಲೆ ಬರುವ ವರ್ಷಗಳಿವೆ. ಫೆಬ್ರವರಿ, ಮಾರ್ಚ್ ಅನ್ನುತ್ತಾರೆ. ಆದರೆ ಯಾವ ರಾತ್ರಿ ಅಂತ ಆಮೆಗೆ ಬಿಟ್ಟು ಯಾರಿಗೂ ಗೊತ್ತಿಲ್ಲ, ಕೆಲವು ವರ್ಷ ಬರುವುದೇ ಇಲ್ಲ. ಹತ್ತಿರದ ದೊಡ್ಡ ಸ್ಟೇಷನ್ ಬ್ರಹ್ಮಪುರ. ಬೆಂಗಳೂರಿಂದ ರೈಲು ಇದೆ, ಆದರೆ ಹೆಚ್ಚುಕಡಿಮೆ ಒಂದು ದಿನ ಕೂರಬೇಕು. ಬರೀ ಆಮೆಯನ್ನೇ ನಂಬಿ ಅಷ್ಟು ದೂರ ಹೋಗಬೇಡಿ. ಚಿಲಿಕಾ ಸರೋವರವನ್ನೂ ಸೇರಿಸಿಕೊಳ್ಳಿ. ಅಲ್ಲಿ ಸಾತಪಾಡಾ ಕಡೆ ಮೂತಿ ಮೊಂಡಾದ ಇರವಾಡಿ ಡಾಲ್ಫಿನ್‌ಗಳಿವೆ, ಚಳಿಗಾಲವಾದರೆ ನಲಬಣದಲ್ಲಿ ವಲಸೆ ಹಕ್ಕಿಗಳು. ಆಮೆ ಬರದಿದ್ದರೂ ಟಿಕೆಟ್ ದುಡ್ಡು ದಂಡ ಆಗುವುದಿಲ್ಲ.

ದೊಡ್ಡ ಕನಸು: ಲಕ್ಷದ್ವೀಪವೋ ಅಂಡಮಾನೋ

ದುಡ್ಡು ಕೂಡಿಟ್ಟಿದ್ದೀರಿ, ಒಂದು ವಾರ ರಜೆ ಇದೆ, ಎರಡರಲ್ಲಿ ಒಂದು ಅಂದರೆ? ಮೊದಲ ಸಲದವರಿಗೆ ಅಂಡಮಾನ್. ನೀರಿನ ಹುಚ್ಚು ಇರುವವರಿಗೆ ಲಕ್ಷದ್ವೀಪ.

ಅಂಡಮಾನ್‌ನಲ್ಲಿ ಎಲ್ಲಾ ಇದೆ. ಗುಡ್ಡ, ಮಳೆಕಾಡು, ಕಾಂಡ್ಲಾ, ಹವಳ, ಮೇಲಿಂದ 1906ರಲ್ಲಿ ಕಟ್ಟಿ ಮುಗಿಸಿದ ಸೆಲ್ಯುಲರ್ ಜೈಲು. ಬೆಂಗಳೂರಿಂದ ವಿಮಾನ ಇದೆ. ಪೋರ್ಟ್ ಬ್ಲೇರ್‌ಗೆ 2024ರಿಂದ ಶ್ರೀ ವಿಜಯ ಪುರಂ ಅಂತ ಹೆಸರು, ಹ್ಯಾವ್‌ಲಾಕ್‌ಗೆ ಸ್ವರಾಜ್ ದ್ವೀಪ್, ನೀಲ್‌ಗೆ ಶಹೀದ್ ದ್ವೀಪ್. ಬುಕಿಂಗ್ ಮಾಡುವಾಗ ಎರಡೂ ಹೆಸರು ಕಾಣುತ್ತವೆ, ಗಾಬರಿಯಾಗಬೇಡಿ. ಈ ಮೂರು ಕಡೆಗೆ ನಮಗೆ ಪರವಾನಗಿ ಬೇಡ. ವೆಜ್ ಊಟ ಸುಲಭವಾಗಿ ಸಿಗುತ್ತದೆ, ನಮ್ಮಲ್ಲಿ ಅರ್ಧ ಮನೆಗಳಿಗೆ ಇದು ಮೊದಲ ಪ್ರಶ್ನೆ ಅಲ್ವಾ. ಪ್ರಾಣಿ ನೋಡುವವರು ವಂಡೂರಿನ ಮಹಾತ್ಮ ಗಾಂಧಿ ಸಾಗರ ರಾಷ್ಟ್ರೀಯ ಉದ್ಯಾನಕ್ಕೆ ಹೋಗಲಿ. ಅಲ್ಲಿ ಜಾಲಿ ಬಾಯ್, ರೆಡ್ ಸ್ಕಿನ್ ಅನ್ನುವ ಎರಡು ದ್ವೀಪಗಳನ್ನು ಸರದಿಯಲ್ಲಿ ತೆರೆಯುತ್ತಾರೆ, ಹವಳಕ್ಕೆ ಸುಧಾರಿಸಿಕೊಳ್ಳಲು ಬಿಡುವು ಸಿಗಲಿ ಅಂತ. ಪ್ಲಾಸ್ಟಿಕ್ ಬಿಡುವುದಿಲ್ಲ. ಹಕ್ಕಿಯವರಿಗೆ ಚಿಡಿಯಾ ಟಾಪು.

ಕಷ್ಟಗಳೂ ಇವೆ. ಚಳಿಗಾಲದಲ್ಲಿ ಸಂಜೆ ಐದೂವರೆಗೆಲ್ಲ ಕತ್ತಲು, ನಮ್ಮ ಹತ್ತು ಗಂಟೆಗೆ ಹೊರಡೋಣ ಅನ್ನುವ ಅಭ್ಯಾಸ ನಡೆಯದು. ಸಮುದ್ರ ಕೆಟ್ಟರೆ ಫೆರಿ ರದ್ದು. ಅದಕ್ಕೇ ವಾಪಸ್ ವಿಮಾನದ ಹಿಂದಿನ ರಾತ್ರಿ ಕಡ್ಡಾಯವಾಗಿ ಶ್ರೀ ವಿಜಯ ಪುರಂನಲ್ಲೇ ಇರಿ. ಮೊಸಳೆ ಎಚ್ಚರಿಕೆಯ ಬೋರ್ಡ್ ಇರುವ ಕಡೆ ನೀರಿಗಿಳಿಯಬೇಡಿ, ಅವು ಉಪ್ಪುನೀರಿನ ಮೊಸಳೆಗಳು, ಬೋರ್ಡು ಸುಮ್ನೆ ಹಾಕಿದ್ದಲ್ಲ. ಬಾರಾಟಾಂಗ್ ದಾರಿಯಲ್ಲಿ ಜಾರವಾ ಬುಡಕಟ್ಟು ಜನರ ಕಾಡು ಬರುತ್ತದೆ. ಅಲ್ಲಿ ಗಾಡಿ ನಿಲ್ಲಿಸುವುದು, ಫೋಟೊ ತೆಗೆಯುವುದು ಕಾನೂನಿಗೆ ವಿರುದ್ಧ. ಜನರನ್ನು ಸಫಾರಿ ಥರ ನೋಡಲು ಹೋಗುವ ಆ ಸುತ್ತಾಟವನ್ನೇ ನಾನಾದರೆ ಕೈಬಿಡುತ್ತೇನೆ.

ಲಕ್ಷದ್ವೀಪ ಪೂರಾ ಬೇರೆ. ಒಟ್ಟು 36 ದ್ವೀಪ, ಜನವಸತಿ ಇರುವುದು ಹತ್ತರಲ್ಲಿ. ಎಲ್ಲಾ ಸೇರಿದರೂ ನೆಲ 32 ಚದರ ಕಿ.ಮೀ. ಅಷ್ಟೇ. ಗುಡ್ಡವಿಲ್ಲ, ನದಿಯಿಲ್ಲ, ಹವಳ ಕಟ್ಟಿದ ಬಳೆಯೊಳಗೆ ತಿಳಿನೀರಿನ ಲಗೂನ್. ಅಲೆಯನ್ನು ಹವಳದ ಗೋಡೆಯೇ ತಡೆಯುವುದರಿಂದ ಒಳಗೆ ನೀರು ಕೆರೆಯಷ್ಟು ಶಾಂತ, ಈಜು ಬಾರದವರೂ ಧೈರ್ಯವಾಗಿ ನಿಲ್ಲಬಹುದು. ಅಗತ್ತಿಯ ಲಗೂನ್‌ನಲ್ಲಿ ಹಸಿರು ಆಮೆಗಳು ಕಡಲ ಹುಲ್ಲು ಮೇಯುತ್ತವೆ. ಹವಳ ಮಾತ್ರ ಫೋಟೊದಲ್ಲಿದ್ದಷ್ಟು ಬಣ್ಣವಾಗಿ ಇರಲಿಕ್ಕಿಲ್ಲ. 1998, 2010, 2016ರಲ್ಲಿ, ಮತ್ತೆ 2024ರಲ್ಲಿ ಸಮುದ್ರ ಬಿಸಿಯಾಗಿ ಹವಳ ಬಿಳಿಚಿಕೊಂಡಿದೆ. ನೋಡಬೇಕು ಅನ್ನುವವರು ತುಂಬಾ ವರ್ಷ ಮುಂದಕ್ಕೆ ಹಾಕಬೇಡಿ.

ಹೋಗುವುದೇ ದೊಡ್ಡ ಕೆಲಸ. ಪ್ರವೇಶ ಪರವಾನಗಿ ಬೇಕು. ಕೊಚ್ಚಿಯಿಂದ ಹಡಗು ಅಥವಾ ಅಗತ್ತಿಗೆ ವಿಮಾನ. ಸರ್ಕಾರಿ ಪ್ಯಾಕೇಜ್ 'ಸಮುದ್ರಂ'ನಲ್ಲಿ ರಾತ್ರಿ ಹಡಗಿನಲ್ಲೇ ಮಲಗಿ, ಹಗಲು ದ್ವೀಪಕ್ಕೆ ಇಳಿಯುವುದು. ಹಡಗಿನಿಂದ ಸಣ್ಣ ದೋಣಿಗೆ ಇಳಿಯುವಾಗ ದೋಣಿ ಮೇಲೆ ಕೆಳಗೆ ಆಡುತ್ತಿರುತ್ತದೆ, ಮಂಡಿ ನೋವಿನವರಿಗೆ ಇದು ಕಷ್ಟ. ತರಕಾರಿ, ಅಕ್ಕಿ ಎಲ್ಲಾ ಮುಖ್ಯಭೂಮಿಯಿಂದ ಬರಬೇಕು, ಹಾಗಾಗಿ ವೆಜ್‌ನವರು ಮೊದಲೇ ಹೇಳಿಡಿ, ಜೊತೆಗೆ ಚಟ್ನಿಪುಡಿ, ಖಡಕ್ ರೊಟ್ಟಿ ಕಟ್ಟಿಕೊಳ್ಳಿ. ಬಂಗಾರಂ ಬಿಟ್ಟು ಬೇರೆ ಕಡೆ ಮದ್ಯ ಇಲ್ಲ. ಗೆಳೆಯರ ಗುಂಪು ಹೊರಡುವುದಾದರೆ ಈ ಮಾತು ಮೊದಲೇ ಆಗಿಬಿಡಲಿ. ಚಿಪ್ಪು, ಹವಳದ ತುಂಡು ಎರಡೂ ಕಡೆಯಿಂದ ತರುವ ಹಾಗಿಲ್ಲ, ವಿಮಾನ ನಿಲ್ದಾಣದಲ್ಲಿ ಬ್ಯಾಗು ತೆಗೆಸುತ್ತಾರೆ.

ರಜೆ ಮಳೆಗಾಲದಲ್ಲೇ ಸಿಕ್ಕರೆ

ಆಗ ಸಮುದ್ರ ಮರೆತುಬಿಡಿ, ತುಂಗೆಗೆ ಹೋಗಿ. ಶಿವಮೊಗ್ಗದಿಂದ ತೀರ್ಥಹಳ್ಳಿ ದಾರಿಯಲ್ಲಿ ಸುಮಾರು 30 ಕಿ.ಮೀ. ಹೋದರೆ ಮಂಡಗದ್ದೆ. ಹೊಳೆ ನಡುವೆ ಪುಟ್ಟ ನಡುಗಡ್ಡೆ ಇದೆ, ಅದರ ಮರಗಳ ತುಂಬ ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿಗಳ ಗೂಡು. ದ್ವೀಪ, ಕಾಡುಹಕ್ಕಿ ಎರಡೂ ಒಂದೇ ನೋಟದಲ್ಲಿ, ಅದೂ ರಸ್ತೆ ಪಕ್ಕದಿಂದಲೇ. ಸಾಮಾನ್ಯವಾಗಿ ಜುಲೈನಿಂದ ಅಕ್ಟೋಬರ್ ಹೊತ್ತಿಗೆ ಗೂಡುಗಳಲ್ಲಿ ಗಲಾಟೆ ಜೋರು. ಹೊಳೆ ತುಂಬಿ ಹರಿಯುವಾಗ ನೀರಿನ ಹತ್ತಿರ ಇಳಿಯಬೇಡಿ, ವೀಕ್ಷಣಾ ಗೋಪುರದಿಂದಲೇ ಚೆನ್ನಾಗಿ ಕಾಣುತ್ತದೆ. ದುರ್ಬೀನು ಇದ್ದರೆ ತನ್ನಿ. ಅದೇ ದಾರಿಯಲ್ಲಿ ಸಕ್ರೆಬೈಲು ಆನೆ ಬಿಡಾರ ಮೊದಲೇ ಸಿಗುತ್ತದೆ. ಆನೆಗಳು ಹೊಳೆಗೆ ಬರುವುದು ಬೆಳಗಿನ ಹೊತ್ತು, ಅದಕ್ಕೆ ದಾವಣಗೆರೆಯಿಂದ ಐದು ಗಂಟೆಯೊಳಗೆ ಹೊರಟು ಮೊದಲು ಆನೆ ನೋಡಿಕೊಂಡು ಆಮೇಲೆ ಮಂಡಗದ್ದೆಗೆ ಹೋದರೆ, ಸಂಜೆಯೊಳಗೆ ವಾಪಸ್ ಮನೆಗೆ ಬರಬಹುದು.